ಶಾಲೆಯ ಬಾಸ್ಕೆಟ್‌ಬಾಲ್ ಕೋರ್ಟಿಗೊಂದು ಮಾಡು (ಸೂರು) ಹಾಕಿಸಿ ಕೊಡಿ: ನಮ್ಮ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ನನ್ನ ಮಗಳು ಹತ್ತನೇ ಕ್ಲಾಸು. ಶಾಲೆಯ ಬಾಸ್ಕೆಟ್‌ಬಾಲ್ ತಂಡದಲ್ಲಿದ್ದಾಳೆ. ಮುಂದೆ ಕಾಲೇಜು ತಂಡದಲ್ಲೂ ಆಡಬೇಕು ಅನ್ನುವುದು ಅವಳ ಆಸೆ. ಹೆತ್ತವನು ನಾನು, ಅವಳ ಆಟವನ್ನು ನಾನೇ ಹೊಗಳುವುದು ಸರಿಯಲ್ಲ. ಆದರೆ ಮಳೆಗಾಲ ಪೂರ್ತಿ ಅವಳಿಗೆ ಆಡೋಕೆ ಜಾಗವಿಲ್ಲ ಅನ್ನುವುದನ್ನು ಹೇಳಲೇಬೇಕು.

ಶಾಲೆಯ ಹಿಂದೆ ಸಿಮೆಂಟ್ ಕೋರ್ಟ್ ಇದೆ, ಇಲ್ಲ ಅಂತಲ್ಲ. ಆರಿದ್ರಾ ಮಳೆ ಹಿಡಿಯಿತು ಅಂದರೆ ಅದರ ಮೇಲೆ ಪಾಚಿ ಕಟ್ಟುತ್ತದೆ. ಮಕ್ಕಳೇ ಬ್ಲೀಚಿಂಗ್ ಪೌಡರ್ ಹಾಕಿ ಕಡ್ಡಿ ಪೊರಕೆಯಲ್ಲಿ ತಿಕ್ಕುತ್ತಾರೆ. ಎರಡು ದಿನ ಬಿಟ್ಟು ನೋಡಿದರೆ ಮತ್ತೆ ಹಸಿರು. ಚೆಂಡು ಪುಟಿಸಿದರೆ ಕೆಸರು ನೀರು ಮುಖಕ್ಕೆ ರಾಚುತ್ತದೆ. ಚೆಂಡು ಹಾಕುವ ರಿಂಗಿನ ಹಿಂದಿನ ಪ್ಲೈವುಡ್ ಬೋರ್ಡು ನೀರು ಕುಡಿದು ಉಬ್ಬಿದೆ. ಚೆಂಡು ತಾಗಿದರೆ ವಾಪಸ್ ಚಿಮ್ಮುವುದಿಲ್ಲ, ದೊಪ್ಪನೆ ಅಲ್ಲೇ ಬೀಳುತ್ತದೆ. ಹಾಗಾಗಿ ನಮ್ಮ ಹುಡುಗಿಯ ಪ್ರಾಕ್ಟೀಸ್ ಏನಿದ್ದರೂ ಮನೆ ಜಗುಲಿಯಲ್ಲಿ. ಅವಳ ಅಜ್ಜಿಯ ಬೈಗುಳ ನೀವೊಮ್ಮೆ ಕೇಳಬೇಕು! ಅಲ್ಲಿ ಡ್ರಿಬಲ್, ಅಂದರೆ ಚೆಂಡು ಪುಟಿಸುವುದು, ಮಾಡಬಹುದು ಅಷ್ಟೇ. ರಿಂಗ್ ಇರಬೇಕಾದ್ದು 3.05 ಮೀಟರ್ ಎತ್ತರದಲ್ಲಿ. ನಮ್ಮ ಜಗುಲಿಯ ಮಾಡು ಅಷ್ಟು ಎತ್ತರ ಎಲ್ಲಿಂದ ಬರಬೇಕು?

ಮಲೆನಾಡಲ್ಲಿ ಮಳೆ ಕಷ್ಟ ಯಾರಿಗಿಲ್ಲ ಅನ್ನಬಹುದು. ನಿಜ. ಆದರೆ ತಾಲೂಕು, ಜಿಲ್ಲಾ ಮಟ್ಟದ ಶಾಲಾ ಪಂದ್ಯಗಳು ಬರುವುದೂ ಮಳೆ ಇನ್ನೂ ಬಿಡದ ಹೊತ್ತಲ್ಲೇ. ಜಿಲ್ಲೆ ದಾಟಿದರೆ ವಿಭಾಗ, ಅದನ್ನೂ ದಾಟಿದರೆ ರಾಜ್ಯ. ನಮ್ಮ ಶಿವಮೊಗ್ಗ ಸೇರಿರುವುದು ಬೆಂಗಳೂರು ವಿಭಾಗಕ್ಕೆ. ಅಂದರೆ ತಿಂಗಳುಗಟ್ಟಲೆ ರಿಂಗಿಗೆ ಚೆಂಡೇ ಹಾಕದ ಮಕ್ಕಳು, ಕ್ಲಬ್ಬು, ಕೋಚು ಎಲ್ಲ ಇರುವ ರಾಜಧಾನಿಯ ಮಕ್ಕಳ ಎದುರು ಇಳಿಯಬೇಕು. ಸೋತರೆ ಸೋಲಲಿ, ಬೇಜಾರಿಲ್ಲ. ಆದರೆ ರಾಜ್ಯ ಮಟ್ಟದ ಸರ್ಟಿಫಿಕೇಟ್ ಇಲ್ಲದೆ ಕ್ರೀಡಾ ಕೋಟಾದ ಮಾತು ಎತ್ತೋದೂ ಕಷ್ಟ, ಅಲ್ವಾ? ಘಟ್ಟದ ಕೆಳಗೆ ಮೂಡುಬಿದಿರೆ, ಉಜಿರೆ ಕಡೆ ಚೆನ್ನಾಗಿ ಆಡುವ ಮಕ್ಕಳಿಗೆ ಫೀಸು, ಹಾಸ್ಟೆಲ್ ನೋಡಿಕೊಳ್ಳುವ ಕಾಲೇಜುಗಳಿವೆ. ಅಡಿಕೆ ತೋಟಕ್ಕೆ ಕೊಳೆ ರೋಗ ಬಂದ ವರ್ಷ ಅಂಥ ಒಂದು ಸೀಟು ನಮ್ಮಂಥವರಿಗೆ ಏನು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ನಾವು ದೊಡ್ಡ ಒಳಾಂಗಣ ಕ್ರೀಡಾಂಗಣ ಕೇಳುತ್ತಿಲ್ಲ. ಕೋರ್ಟ್ ಇರುವುದು 28 ಮೀಟರ್ ಉದ್ದ, 15 ಮೀಟರ್ ಅಗಲ. ಸುತ್ತ ಸ್ವಲ್ಪ ಜಾಗ ಬಿಟ್ಟು ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹೊದಿಸಿದರೆ ಆಯಿತು. ಇರಚಲು ಹೊಡೆಯುವ ಪಶ್ಚಿಮದ ಕಡೆ ಮಾತ್ರ ಶೀಟು ಕೆಳಗಿನವರೆಗೂ ಇಳಿಸಬೇಕು. ಬೋರ್ಡು ಹೊಸದು ಬೇಕು. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ. ಅದರಲ್ಲಿ ಸಮುದಾಯ ಭವನಗಳು ಏಳುವುದನ್ನು ನೋಡಿದ್ದೇವೆ. ಮದುವೆ ಸೀಸನ್ ಮುಗಿದ ಮೇಲೆ ಅವುಗಳಿಗೆ ಬೀಗ ಬೀಳುವುದನ್ನೂ ನೋಡಿದ್ದೇವೆ.

ಅಂದ ಹಾಗೆ, ಈ ಆಟ ಹುಟ್ಟಿದ್ದೇ ಮಾಡಿನ ಕೆಳಗೆ. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಅನ್ನುವ ಮೇಷ್ಟ್ರು, ಚಳಿಗಾಲದಲ್ಲಿ ಹೊರಗೆ ಆಡೋಕಾಗದ ಹುಡುಗರಿಗೆ ಅಂತ ಹಣ್ಣಿನ ಬುಟ್ಟಿ ಕಟ್ಟಿ ಶುರು ಮಾಡಿದ್ದು. ಅವರಿಗೆ ಹಿಮದ ಕಾಟ. ನಮ್ಮ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಸುರಿಯುತ್ತದೆ. ಇಂಥ ಸೀಮೆಯಲ್ಲಿ ಬಯಲಿಗೆ ಕೋರ್ಟ್ ಹಾಕಿ ಬಿಟ್ಟವರು ಏನು ಯೋಚಿಸಿದ್ದರೋ!

ನನ್ನ ಮಗಳು ಮಾರ್ಚ್‌ನಲ್ಲಿ ಪರೀಕ್ಷೆ ಬರೆದು ಈ ಶಾಲೆ ಬಿಡುತ್ತಾಳೆ. ಮಾಡು ಬಂದರೂ ಅವಳಿಗೆ ಸಿಗುವುದಿಲ್ಲ, ಅದು ಗೊತ್ತು. ಅವಳ ಜೊತೆ ಪೊರಕೆ ಹಿಡಿಯುವ ಎಂಟನೇ ಕ್ಲಾಸಿನ ಮಕ್ಕಳಿಗಾದರೂ ಸಿಗಲಿ. ಇಂಜಿನಿಯರ್ ಕಳಿಸಿ ಎಸ್ಟಿಮೇಟ್ ಮಾಡಿಸಿ. ನೀವೂ ಒಮ್ಮೆ ಬನ್ನಿ. ಬರುವುದಾದರೆ ಮಳೆ ಬಿಡುವ ಮೊದಲೇ ಬನ್ನಿ. ಬಿಸಿಲು ಬಂದ ಮೇಲೆ ಬಂದರೆ, ಕೋರ್ಟ್ ಚೆನ್ನಾಗಿಯೇ ಇದೆಯಲ್ಲ ಅಂತ ಹೇಳಿ ಹೋಗಿಬಿಡುತ್ತೀರಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಅಡಿಕೆ ಬೆಳೆಗಾರ