ಎಂಜಲು ಗಾಳಿ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಎದುರಿಗೆ ಕೂತು ಹೇಳಿದರೆ ನೀನು ಇಯರ್‌ಫೋನ್ ಹಾಕಿಕೊಳ್ಳುತ್ತೀಯ. ಅದಕ್ಕೇ ಬರೆದು ಸೇಲಿಂಗ್ ಬ್ಯಾಗಿನಲ್ಲಿ ಇಟ್ಟಿದ್ದೇನೆ, ಲೈಫ್ ಜಾಕೆಟ್ ಕೆಳಗೆ.

ಭಾನುವಾರ ದೋಣಿ ರೇಸು ಮುಗಿದು ಕನ್ನಂಬಾಡಿ ಹಿನ್ನೀರಿನಿಂದ ಮನೆ ಸೇರುವ ತನಕ, ಕೊನೆಯ ರೇಸಿನಲ್ಲಿ ನಿನ್ನ ಗಾಳಿಗೆ ಅಡ್ಡ ನಿಂತ ಹುಡುಗಿಯ ಬಗ್ಗೆ ನೀನು ಆಡಿದ್ದು ಒಂದೇ ಮಾತು. "ಅವಳು ಮೋಸ ಮಾಡಿದಳು." ನಾನೂ ಹೂಂ ಅಂದೆ. ಅಷ್ಟೇ ಅಲ್ಲ, ನಿನಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ನೀನು ದೋಣಿ ಎಳೆದು ಮೇಲೆ ತರುತ್ತಿದ್ದಾಗ ನಾನು ಅವಳ ಅಮ್ಮನ ಹತ್ತಿರ ಹೋಗಿ, "ನಿಮ್ಮ ಮಗಳಿಗೆ ತಾನು ಗೆಲ್ಲಬೇಕು ಅಂತ ಇರಲಿಲ್ಲ, ನಮ್ಮವಳು ಸೋಲಬೇಕು ಅಂತಷ್ಟೇ ಇತ್ತು" ಅಂದುಬಿಟ್ಟೆ. ಆಕೆ ಮಾತಾಡಲಿಲ್ಲ. ಬೆಳಿಗ್ಗೆ ನಮ್ಮ ಜೊತೆ ಕೂತು ಚಿತ್ರಾನ್ನ ತಿಂದಿದ್ದ ಹೆಂಗಸು ಅವರು. ನೆನೆಸಿಕೊಂಡರೆ ಈಗಲೂ ಮುಖ ಬಿಸಿಯಾಗುತ್ತದೆ.

ಆಮೇಲೆ ಲೆಕ್ಕ ಹಾಕಿ ನೋಡಿದೆ. ಕೊನೆಯ ರೇಸಿಗೆ ಮುಂಚೆ ಅವಳದ್ದು 9 ಅಂಕ, ನಿನ್ನದು 11. ಮೂರನೆಯ ಹುಡುಗಿ 24ರಲ್ಲಿ ಇದ್ದಳು, ಅವಳ ಭಯ ಯಾರಿಗೂ ಇರಲಿಲ್ಲ. ಈ ಆಟದಲ್ಲಿ ಅಂಕ ಕಮ್ಮಿ ಇದ್ದಷ್ಟೂ ಒಳ್ಳೆಯದು. ಅಂದರೆ ಅವಳು ಗೆಲ್ಲಬೇಕಾಗೇ ಇರಲಿಲ್ಲ. ನಿನ್ನ ಮುಂದೆ ಇದ್ದರೆ ಸಾಕು, ಎಂಟನೆಯವಳಾಗಿ ಬಂದರೂ ಕಪ್ ಅವಳದೇ. ಹಾಗೇ ಬಂದಳು. ನೀನು ಒಂಬತ್ತನೆಯವಳು.

ನೀನು ಪುಟ್ಟ ಆಪ್ಟಿಮಿಸ್ಟ್ ದೋಣಿ ಓಡಿಸುತ್ತಿದ್ದ ಕಾಲದಲ್ಲಿ ಅಜ್ಜಿಗೆ ಹೇಳಿಕೊಟ್ಟಿದ್ದೆ, ನೆನಪಿದೆಯಾ? ಗಾಳಿ ಬರುವ ಕಡೆ ಇನ್ನೊಂದು ದೋಣಿ ನಿಂತರೆ ಅದರ ಹಾಯಿಗೆ ಬಡಿದು ಕಲಕಿದ ಗಾಳಿಯೇ ನಮಗೆ ಸಿಗೋದು, ದೋಣಿ ಸೋತುಹೋಗುತ್ತದೆ ಅಂತ. ಅಜ್ಜಿ ತರಕಾರಿ ಹೆಚ್ಚುತ್ತಾ, "ಹಾಗಾದ್ರೆ ಎಂಜಲು ಗಾಳಿ ಅನ್ನು" ಅಂದಿದ್ದರು. ಭಾನುವಾರ ಮುಕ್ಕಾಲು ಗಂಟೆ ನೀನು ಉಂಡಿದ್ದು ಅದನ್ನೇ.

ಸಿಟ್ಟು ಇಳಿಯಲಿಲ್ಲ ಅಂತ ರಾತ್ರಿ ಕೂತು ಇಂಥದ್ದು ಬೇರೆ ಎಲ್ಲಾದರೂ ಆಗಿದೆಯಾ ಅಂತ ಹುಡುಕಿದೆ. ಆಗಿದೆ. ಅದೂ ಒಲಿಂಪಿಕ್ಸಿನಲ್ಲಿ, ನಿನ್ನದೇ ದೋಣಿಯಲ್ಲಿ. ಈಗ ಇಲ್ಕಾ ಅಂತಾರೆ, ಆಗ ಲೇಸರ್ ಅಂತಿದ್ದರು. ಅದೇ 4.2 ಮೀಟರ್ ಉದ್ದದ ಒಡಲು. ನಿನ್ನ ಹಾಯಿ 4.7 ಚದರ ಮೀಟರ್, ಅವರದು 7ರ ಮೇಲೆ ಚಿಲ್ಲರೆ. ಎಲ್ಲರ ದೋಣಿಯೂ ಒಂದೇ ಅಚ್ಚಿನದು. ಹಾಗಾಗಿ ದುಡ್ಡು ಸುರಿದು ಗೆಲ್ಲೋ ಹಾಗಿಲ್ಲ. ಗಾಳಿ ಓದಬೇಕು, ಪಕ್ಕದವನ ತಲೆಯನ್ನೂ ಓದಬೇಕು.

1996ರ ಅಟ್ಲಾಂಟಾ ಒಲಿಂಪಿಕ್ಸ್. ದೋಣಿ ರೇಸುಗಳು ನಡೆದದ್ದು ಸವಾನ್ನಾ ಕಡಲಲ್ಲಿ. ಬ್ರೆಜಿಲ್‌ನ ರಾಬರ್ಟ್ ಶೈಟ್ ಮುಂದಿದ್ದ, ಬ್ರಿಟನ್ನಿನ ಬೆನ್ ಏನ್ಸ್ಲಿ ಹಿಂದೆ. ಏನ್ಸ್ಲಿಗೆ ಆಗ ಬರೀ 19 ವರ್ಷ. ಕೊನೆಯ ರೇಸಿನ ಸ್ಟಾರ್ಟ್ ಮತ್ತೆ ಮತ್ತೆ ಕೆಟ್ಟು ಕರಿ ಬಾವುಟ ಏರಿತ್ತು. ಗೆರೆ ಮುಂಚೆ ದಾಟಿದವರು ಔಟ್. ಶೈಟ್ ಗೆರೆಯ ಕಡೆ ನುಗ್ಗಿದ, ಏನ್ಸ್ಲಿ ಅವನ ಹಿಂದೆಯೇ ಬಿದ್ದ. ಇಬ್ಬರೂ ಔಟ್! ಅಂಕದಲ್ಲಿ ಮುಂದಿದ್ದವನು ಶೈಟ್, ಚಿನ್ನ ಅವನಿಗೆ.

ನಾಲ್ಕು ವರ್ಷದ ಮೇಲೆ ಸಿಡ್ನಿ. ಅದೇ ಇಬ್ಬರು, ಮತ್ತೆ ಕೊನೆಯ ರೇಸು. ಒಟ್ಟು 11 ರೇಸು, ಅದರಲ್ಲಿ ಪ್ರತಿಯೊಬ್ಬರ ಅತಿ ಕೆಟ್ಟ ಎರಡನ್ನು ಲೆಕ್ಕದಿಂದ ಬಿಡುತ್ತಿದ್ದರು. ಶೈಟ್ ಆ ರೇಸಿನಲ್ಲಿ ತೀರಾ ಹಿಂದೆ ಬಿದ್ದರೆ ಅದನ್ನು ಬಿಡಬಹುದಿತ್ತು. ಆದರೆ ಆಗ, ಮುಂಚೆ ಬಿಟ್ಟಿದ್ದ ಒಂದು ಕೆಟ್ಟ ಅಂಕ ವಾಪಸ್ ಲೆಕ್ಕಕ್ಕೆ ಬರುತ್ತಿತ್ತು. ಏನ್ಸ್ಲಿಗೆ ಬೇಕಿದ್ದದ್ದು ಅಷ್ಟೇ. ಸ್ಟಾರ್ಟಿಗೆ ಮುಂಚಿನಿಂದಲೇ ಶೈಟ್‌ಗೆ ಅಂಟಿಕೊಂಡ. ಉಳಿದ ದೋಣಿಗಳೆಲ್ಲ ಹೊರಟು ಹೋದವು, ಇವರಿಬ್ಬರು ಮಾತ್ರ ಬೀದಿಯಲ್ಲಿ ಜಗಳಕ್ಕೆ ನಿಂತ ಹುಂಜಗಳ ಹಾಗೆ ಸುತ್ತುತ್ತಾ ಹಿಂದೆ ಉಳಿದರು. ಶೈಟ್ ದೋಣಿ ತಿರುಗಿಸಿ ಎಡಕ್ಕೆ ಟ್ಯಾಕ್ ಮಾಡಿದರೆ ಏನ್ಸ್ಲಿ ಎಡಕ್ಕೆ, ಬಲಕ್ಕೆ ಅಂದರೆ ಬಲಕ್ಕೆ, ಸದಾ ಗಾಳಿಯ ಕಡೆ. ಮೊದಲ ಮಾರ್ಕ್, ಅಂದರೆ ಸುತ್ತಿ ಬರಬೇಕಾದ ತೇಲುಬುರುಡೆಯ ಹತ್ತಿರ ದೋಣಿಗಳು ತಾಕಿದವು. ಪ್ರೊಟೆಸ್ಟ್, ಅಂದರೆ ದೂರಿನ ವಿಚಾರಣೆ, ನಡೆದು ಶೈಟ್ ಡಿಸ್‌ಕ್ವಾಲಿಫೈ ಆದ. ಚಿನ್ನ ಏನ್ಸ್ಲಿಗೆ.

ಮೊದಲ ಸಲ ಓದಿದಾಗ ಥೂ ಅನ್ನಿಸಿತು, ನಿಜ ಹೇಳುತ್ತೇನೆ. ಓಟದ ಪಂದ್ಯದಲ್ಲಿ ಒಬ್ಬ ಇನ್ನೊಬ್ಬನಿಗೆ ಅಡ್ಡ ನಿಂತರೆ ನಾವು ಒಪ್ಪುತ್ತೇವಾ? ಎರಡನೇ ಸಲ ಓದುವಾಗ ಅಜ್ಜಿಯ ಚೌಕಾಬಾರ ನೆನಪಾಯಿತು. ನಿನ್ನ ಕಾಯಿ ಹಣ್ಣಾಗಲು ಎರಡೇ ಮನೆ ಬಾಕಿ ಇರುವಾಗ ಹೊಡೆದು ಹಾಕಿ ಬೊಚ್ಚು ಬಾಯಲ್ಲಿ ನಗುತ್ತಿದ್ದರಲ್ಲ. ಅದನ್ನು ನೀನು ಒಂದು ದಿನವೂ ಮೋಸ ಅಂದಿಲ್ಲ. ದೋಣಿ ರೇಸು ಓಟಕ್ಕಿಂತ ಚೌಕಾಬಾರಕ್ಕೇ ಹತ್ತಿರ ಅಂತ ನನಗೆ ಈಗ ಅನ್ನಿಸುತ್ತದೆ. ನಿಯಮ ಮುರಿಯದೆ, ತನ್ನ ಅಂಕಕ್ಕೆ ಲಾಭ ಆಗುವ ಹಾಗೆ ಎದುರಾಳಿಯನ್ನು ಹಿಂದಕ್ಕೆ ತಳ್ಳುವುದು ತಪ್ಪಲ್ಲ. ನಿನ್ನ ಕೋಚನ್ನೂ ಕೇಳಿದೆ, ಅವರೂ ಅದನ್ನೇ ಹೇಳಿದರು. ಅವಳು ನಿನ್ನ ದೋಣಿಗೆ ತಾಕಲಿಲ್ಲ. ನೀನು ಬಲಗಡೆಯಿಂದ ಗಾಳಿ ಪಡೆದು ಸ್ಟಾರ್‌ಬೋರ್ಡ್‌ನಲ್ಲಿ ಬಂದಾಗಲೆಲ್ಲ ನಿಯಮದ ಹಾಗೆ ದಾರಿ ಬಿಟ್ಟಳು. ದಡದಿಂದ ನಾನೇ ನೋಡಿದ್ದೇನಲ್ಲ.

ನೋಡಿದ್ದು ಇನ್ನೂ ಇದೆ. ಬೈನಾಕ್ಯುಲರ್ ಹಿಡಿದು ನಿಂತ ಅಮ್ಮಂದಿರಿಗೆ ಬೇರೆ ಏನು ಕೆಲಸ ಹೇಳು. ಸ್ಟಾರ್ಟಿಗೆ ನಾಲ್ಕು ನಿಮಿಷ ಬಾಕಿ ಅನ್ನುವ ಸಿಗ್ನಲ್ ಆದಾಗ ಅವಳು ಆಗಲೇ ನಿನ್ನ ಹಿಂದೆ ಇದ್ದಳು. ನೀನು ನೀರಿನ ಬಾಟಲಿ ಹುಡುಕುತ್ತಿದ್ದೆ. ಗೆರೆಯ ಆ ತುದಿಗೆ ಹೋಗಿ ಐದಾರು ದೋಣಿಗಳ ಮಧ್ಯೆ ನುಸುಳಿಕೊಂಡಿದ್ದರೆ ಅವಳಿಗೆ ನಿನ್ನನ್ನು ಹಿಡಿಯೋದು ಕಷ್ಟ ಆಗುತ್ತಿತ್ತು, ಅಲ್ವಾ?

ಆಮೇಲೆ ನಿನ್ನ ಟ್ಯಾಕ್‌ಗಳು. ಮೊದಲ ಮಾರ್ಕ್ ತನಕ 11 ಎಣಿಸಿದೆ. ಪ್ರತಿ ಸಲವೂ, ತಿರುಗಿಸುವ ಮುಂಚೆ, ಹಗ್ಗ ಹಿಡಿದ ಕೈಯನ್ನೇ ಎತ್ತಿ ಕ್ಯಾಪ್ ಒತ್ತಿಕೊಳ್ಳುತ್ತೀಯ. ಹಾಯಿಯ ಕೆಳಗಿನ ಕೋಲು, ಆ ಬೂಮ್, ತಲೆ ಮೇಲೆ ಹಾಯುವಾಗ ಕ್ಯಾಪ್ ಹಾರೀತು ಅಂತ ಇರಬೇಕು. ನಾಲ್ಕನೇ ಸಲದ ಹೊತ್ತಿಗೆ ನನಗೇ ಗೊತ್ತಾಗುತ್ತಿತ್ತು, ಈಗ ತಿರುಗುತ್ತಾಳೆ ಅಂತ. ಹತ್ತು ಮೀಟರ್ ದೂರದಲ್ಲಿ ಕೂತವಳಿಗೆ ಗೊತ್ತಾಗಲ್ವಾ? ಕೈ ಕ್ಯಾಪಿಗೆ ಹೋಗುವಾಗಲೇ ಅವಳ ಚುಕ್ಕಾಣಿ ಅಲ್ಲಾಡುತ್ತಿತ್ತು. ಕ್ಯಾಪಿಗೆ ಒಂದು ಕ್ಲಿಪ್ ಹೊಲಿದು ಇಟ್ಟಿದ್ದೇನೆ, ಕಾಲರಿಗೆ ಸಿಕ್ಕಿಸಿಕೋ. ಇಲ್ಲ ಅಂದರೆ ಒಮ್ಮೊಮ್ಮೆ ಕ್ಯಾಪ್ ಮುಟ್ಟಿ, ತಿರುಗದೇ ಸುಮ್ನೆ ನೇರ ಹೋಗು. ಅವಳು ಒಬ್ಬಳೇ ತಿರುಗಿಕೊಳ್ಳಲಿ. (ಇದು ನನ್ನ ಐಡಿಯಾ. ಕೋಚ್ ನಕ್ಕರೂ ಬೇಡ ಅನ್ನಲಿಲ್ಲ.)

ಸಿಡ್ನಿ ಆದ ಮೇಲೆ ಏನ್ಸ್ಲಿ ಫಿನ್ ಅನ್ನುವ ಭಾರದ ದೋಣಿಗೆ ಹೋಗಿ ಇನ್ನೂ ಮೂರು ಒಲಿಂಪಿಕ್ ಚಿನ್ನ ಗೆದ್ದ. ಶೈಟ್ ಲೇಸರ್‌ನಲ್ಲೇ ಉಳಿದು 2004ರಲ್ಲಿ ಅಥೆನ್ಸ್‌ನಲ್ಲಿ ಮತ್ತೆ ಚಿನ್ನ ತಂದ. 2021ರಲ್ಲಿ ಟೋಕಿಯೋದಲ್ಲಿ ಕೂಡ ಅದೇ ದೋಣಿಯಲ್ಲಿ ಇದ್ದ, ವಯಸ್ಸು 48! ಅದೇ ಟೋಕಿಯೋದಲ್ಲೇ ನಿನ್ನ ಗೋಡೆ ಮೇಲಿನ ನೇತ್ರಾ ಕುಮನನ್, ಒಲಿಂಪಿಕ್ಸಿಗೆ ಅರ್ಹತೆ ಪಡೆದ ಭಾರತದ ಮೊದಲ ಮಹಿಳಾ ಸೇಲರ್ ಆಗಿ, ಲೇಸರ್‌ನದೇ ಚಿಕ್ಕ ಹಾಯಿಯ ರೇಡಿಯಲ್‌ನಲ್ಲಿ ಓಡಿಸಿದ್ದು.

ಬುಧವಾರ ಆ ಹುಡುಗಿಯ ಅಮ್ಮನಿಗೆ ಫೋನ್ ಮಾಡಿ ತಪ್ಪಾಯಿತು ಅಂದೆ. "ಬಿಡಿ, ಹೋದ ಸಲ ನಮ್ಮವಳನ್ನು ನಿಮ್ಮವಳು ಮಾರ್ಕ್ ಹತ್ತಿರ ಸಿಕ್ಕಿಸಿದ್ದಾಗ ನಾನೂ ಮನೆಯಲ್ಲಿ ಕೂಗಾಡಿದ್ದೆ" ಅಂದರು. ಆ ಕಥೆ ನೀನು ನನಗೆ ಹೇಳೇ ಇರಲಿಲ್ಲ!

ಅವರ ಸ್ಟೀಲ್ ಡಬ್ಬಿ ನಮ್ಮ ಹತ್ತಿರ ಉಳಿದುಬಿಟ್ಟಿದೆ. ಖಾಲಿ ಡಬ್ಬಿ ವಾಪಸ್ ಕೊಡಬಾರದು ಅಂತ ಅಜ್ಜಿ ಕೋಡುಬಳೆ ತುಂಬಿದ್ದಾರೆ. ಬ್ಯಾಗಿನ ಬಲಗಡೆ ಇದೆ. ಈ ಭಾನುವಾರ ನೀನೇ ಅವಳ ಕೈಗೆ ಕೊಡು. ದಾರಿಯಲ್ಲಿ ತಿಂದುಬಿಡಬೇಡ, ಎಣಿಸಿ ಇಟ್ಟಿದ್ದೇನೆ.

ನಿನ್ನ
ಅಮ್ಮ