ಒಂದೇ ಹಲ್ಲಿನ ಸಾಕ್ಷಿ

ಮಾನ್ಯ ಸಂಪಾದಕರೇ,

‘ಟಿಕಿಥೀರಿಯಂ’ ಭಾರತದ ಅತಿ ಹಳೆಯ ಸಸ್ತನಿಗಳಲ್ಲಿ ಒಂದು ಎಂದು ಬರೆಯುವ ರೂಢಿ ಇನ್ನೂ ನಿಂತಿಲ್ಲ. ನಿಲ್ಲಬೇಕು.

ಮಧ್ಯಪ್ರದೇಶದ ಟಿಕಿ ಶಿಲಾಸ್ತರದ್ದೆಂದು 2005ರಲ್ಲಿ ಪಳೆಯುಳಿಕೆ ತಜ್ಞ ಪಿ.ಎಂ. ದತ್ತಾ ಈ ಹೆಸರಿಟ್ಟಿದ್ದು ಮೇಲ್ದವಡೆಯ ಒಂದೇ ಒಂದು ಅರೆಯುವ ಹಲ್ಲಿಗೆ. ಆ ಶಿಲೆ ಟ್ರಯಾಸಿಕ್ ಕಾಲದ್ದು, 20 ಕೋಟಿ ವರ್ಷಕ್ಕೂ ಹಳೆಯದು. 2024ರಲ್ಲಿ ಅವೆರಿಯಾನೋವ್ ಮತ್ತು ವೊಯ್ಟಾ ಹಲ್ಲನ್ನು ಮತ್ತೆ ಪರಿಶೀಲಿಸಿ, ಇದು ನಿಯೋಜೀನ್ ಕಾಲದ ಮೂಗಿಲಿಯದು ಎಂದರು. ಅಂದರೆ ಹೆಚ್ಚೆಂದರೆ 2.3 ಕೋಟಿ ವರ್ಷ.

ಹಲ್ಲಿನ ಆಕಾರವೇ ಅನುಮಾನ ಹುಟ್ಟಿಸಬೇಕಿತ್ತು. ಮೋರ್ಗನುಕೊಡಾನ್‌ನಂಥ ಆದಿಮ ಪ್ರಾಣಿಯ ದವಡೆ ಹಲ್ಲಿನಲ್ಲಿ ಮುಖ್ಯ ಮೊನೆಗಳು ಗರಗಸದಂತೆ ಹಿಂದೆ ಮುಂದೆ ಒಂದೇ ಸಾಲಿನಲ್ಲಿರುತ್ತವೆ. ಮೇಲಿನ ಹಲ್ಲು ಕೆಳಗಿನದರ ಪಕ್ಕ ಕತ್ತರಿಯಂತೆ ಸರಿಯುತ್ತದೆ. ಟಿಕಿಯ ಹಲ್ಲು ಕೆನ್ನೆಯಿಂದ ನಾಲಿಗೆಯ ಕಡೆಗೆ ಅಗಲವಾಗಿ ಚಾಚಿದೆ. ಹಾಗೆಂದು ಅಗಲವೊಂದೇ ತೀರ್ಪು ಕೊಡದು: ಜುರಾಸಿಕ್‌ನ ಡಾಕೊಡಾಂಟ್‌ಗಳೂ (ಸಸ್ತನಿಗಳ ಆದಿಮ ಬಂಧುಗಳು) ತಮ್ಮದೇ ದಾರಿಯಲ್ಲಿ ಹಲ್ಲು ಅಗಲಿಸಿಕೊಂಡವು. ಬಿಡಿ ಹಲ್ಲಿನ ತೊಡಕೇ ಇದು. ಸಸ್ತನಿಯನ್ನು ಗುರುತಿಸಲು ಹಿಂದಿನಿಂದ ಬಳಸುತ್ತ ಬಂದ ಲಕ್ಷಣವಾದ ದವಡೆಯ ಕೀಲು ಹಲ್ಲಿನಲ್ಲಿ ಕಾಣುವುದಿಲ್ಲ.

ಚಿಕ್ಕ ಪಳೆಯುಳಿಕೆ ಹುಡುಕುವ ಕೆಲಸ ಸರಳವೇ. ಜೇಡಿಶಿಲೆಯನ್ನು ಒಣಗಿಸಿ, ನೀರಿನಲ್ಲಿ ನೆನೆಸಿ, ಅರ್ಧ ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ತೊಳೆದು, ಉಳಿದ ಕಾಳನ್ನು ಸೂಕ್ಷ್ಮದರ್ಶಕದಡಿ ಆರಿಸುತ್ತಾರೆ. ಬಂಡೆಯ ಬಿರುಕಿಗೆ ಇಳಿದ ಹೊಸ ಮಣ್ಣು, ಬಿಲದ ಮಣ್ಣು, ಹಿಂದಿನ ಜಾಗದಿಂದ ಜರಡಿಯ ಕಣ್ಣಿನಲ್ಲೇ ಸಿಕ್ಕಿಕೊಂಡ ಕಾಳು, ಎಲ್ಲವೂ ಆ ರಾಶಿಯಲ್ಲಿ ಒಂದಾಗಬಹುದು. ಟಿಕಿಯಲ್ಲಿ ಆದದ್ದು ಇದೇ ಎಂದು ನಾವು ಹೇಳುತ್ತಿಲ್ಲ. ಬಿಡಿ ಹಲ್ಲಿಗೆ ಈ ಅಪಾಯ ಸದಾ ಇದೆ.

ಹಾಗಾಗಿ ಮೇಲ್ಮಣ್ಣು ಕೆರೆದು ತೆಗೆದು ಒಳಗಿನ ಕಲ್ಲನ್ನೇ ಒಯ್ಯಬೇಕು, ಜಾಗಕ್ಕೊಂದು ಜರಡಿ ಇಡಬೇಕು. ಹೂತ ಹಲ್ಲು, ಎಲುಬು ಸುತ್ತಲಿನ ಮಣ್ಣಿನಿಂದ ವಿರಳ ಭಸ್ಮ ಧಾತುಗಳನ್ನು (ಒಂದು ಗುಂಪಿನ ಲೋಹಗಳು) ಹೀರಿಕೊಳ್ಳುತ್ತವೆ; ಸಿಕ್ಕ ಹಲ್ಲಿನಲ್ಲಿರುವ ಅವುಗಳ ಪ್ರಮಾಣವನ್ನು ಅದೇ ಸ್ತರದ ಮೀನು, ಸರೀಸೃಪಗಳ ಎಲುಬಿನ ಜೊತೆ ಹೋಲಿಸಬೇಕು. ಹೊಂದದಿದ್ದರೆ ಹಲ್ಲು ಬೇರೆ ಮಣ್ಣಿನಲ್ಲಿ ಹೂತಿದ್ದಿರಬಹುದು. ಎನಾಮೆಲ್ ರಚನೆಯನ್ನೂ ನೋಡಬೇಕು: ಮೂಗಿಲಿಯದರಲ್ಲಿ ಪಟ್ಟಕಗಳು (ಸೂಕ್ಷ್ಮ ಹರಳುಗಳ ಕಟ್ಟುಗಳು) ಸ್ಪಷ್ಟ, ಆದಿಮ ಪ್ರಾಣಿಗಳಲ್ಲಿ ಸಾಮಾನ್ಯವಾಗಿ ಹಾಗಿರುವುದಿಲ್ಲ. ಇಷ್ಟಾದ ಮೇಲೂ, ಕಲ್ಲಿನಲ್ಲಿ ಹುದುಗಿರುವಾಗಲೇ ಕಂಡ ಎರಡನೆಯ ಹಲ್ಲು ಸಿಗುವವರೆಗೆ ಹೊಸ ಕುಲದ ಹೆಸರಿಗೆ ಅವಸರ ಬೇಡ.

ಪತ್ರಿಕೆ ಮುಂದೆ ಈ ಹೆಸರು ಬಳಸುವುದಾದರೆ, ಪಕ್ಕದಲ್ಲೇ 2024ರ ಮರುಪರಿಶೀಲನೆಯನ್ನೂ ಒಂದು ಸಾಲಿನಲ್ಲಿ ಹೇಳಲಿ.