ಹಣ ಕೊಟ್ಟು ಕೊಂಡರೂ ನಮ್ಮದಲ್ಲವೇ?

ಮಾನ್ಯ ಸಂಪಾದಕರೇ,

ಹಳೆಯ ಸಾಫ್ಟ್‌ವೇರ್ ನಂಬಿಕೊಂಡೇ ನಡೆಯುವ ಡಿಟಿಪಿ ಅಂಗಡಿಗಳು ನಮ್ಮಲ್ಲಿ ಇನ್ನೂ ಇವೆ. ಲಗ್ನಪತ್ರಿಕೆ, ಬಿಲ್ ಬುಕ್, ಕರಪತ್ರ, ಎಲ್ಲದರ ಫೈಲುಗಳೂ ಅದರಲ್ಲೇ ಇರುತ್ತವೆ. ಹಾರ್ಡ್ ಡಿಸ್ಕ್ ಕೆಟ್ಟರೆ ಅವರ ಪಾಡು ಯಾರಿಗೂ ಬೇಡ. ಸಿ.ಡಿ. ಚೆನ್ನಾಗಿರುತ್ತದೆ, ಡಬ್ಬದ ಮೇಲೆ ಸೀರಿಯಲ್ ನಂಬರ್ ಇರುತ್ತದೆ, ಇನ್‌ಸ್ಟಾಲ್ ಕೂಡ ಆಗುತ್ತದೆ. ಆದರೆ ಆನ್‌ಲೈನ್ ಆಕ್ಟಿವೇಶನ್ ಕೇಳುವ ಸಾಫ್ಟ್‌ವೇರ್ ಆದರೆ, ಕಂಪನಿಯ ಸರ್ವರ್ ಒಪ್ಪಿದರೆ ಮಾತ್ರ ಕೆಲಸ ಮುಂದುವರಿಯುತ್ತದೆ. ಆ ಸರ್ವರನ್ನೇ ನಿಲ್ಲಿಸಿಬಿಟ್ಟರೆ?

ಇದು ಸುಮ್ನೆ ಹೆದರಿಸುವ ಮಾತಲ್ಲ. ಅಡೋಬಿ ಕಂಪನಿ ತನ್ನ ಸಿಎಸ್2 (ಫೋಟೋಶಾಪ್ ಮುಂತಾದ ಸಾಫ್ಟ್‌ವೇರ್‌ಗಳ ಹಳೆಯ ಆವೃತ್ತಿ) ಆಕ್ಟಿವೇಶನ್ ಸರ್ವರ್ ನಿಲ್ಲಿಸಿದಾಗ, ಆಕ್ಟಿವೇಶನ್ ಬೇಡದ ಪ್ರತಿಯನ್ನು ಗ್ರಾಹಕರಿಗೆ ಕೊಟ್ಟಿತು. ಅದು ಸರಿಯಾದ ದಾರಿ. ಎಲ್ಲರೂ ಹಾಗೆ ಮಾಡುವುದಿಲ್ಲ. 2019ರಲ್ಲಿ ಮೈಕ್ರೋಸಾಫ್ಟ್ ಇ-ಪುಸ್ತಕದ ಮಳಿಗೆ ಮುಚ್ಚಿದಾಗ, ಜನ ಕೊಂಡಿದ್ದ ಪುಸ್ತಕಗಳೂ ಹೋದವು. ಹಣ ವಾಪಸ್ ಬಂತು, ನಿಜ. ಆದರೆ ಓದುಗ ಕೇಳಿದ್ದು ಪುಸ್ತಕವನ್ನು ಅಲ್ವಾ?

ಕ್ಯಾಲಿಫೋರ್ನಿಯಾದಲ್ಲಿ 2025ರಿಂದ, ಇಂಥ ಡಿಜಿಟಲ್ ಸರಕಿನಲ್ಲಿ ಗ್ರಾಹಕರಿಗೆ ಸಿಗುವುದು ಬರೀ ಲೈಸೆನ್ಸ್ (ಬಳಸುವ ಅನುಮತಿ, ಒಡೆತನವಲ್ಲ) ಆಗಿದ್ದರೆ ಅದನ್ನು ಮಾರುವಾಗಲೇ ತಿಳಿಸಬೇಕೆಂಬ ಕಾನೂನಿದೆ. ನಮ್ಮ ಸರ್ಕಾರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಲಿ. ಸರ್ವರ್ ಮುಚ್ಚುವ ಮೊದಲು, ಇಂಟರ್ನೆಟ್ ಇಲ್ಲದೆಯೂ ನಡೆಯುವ ಪ್ರತಿಯನ್ನು ಕೊಂಡವರಿಗೆಲ್ಲ ಕೊಡುವುದು ಕಡ್ಡಾಯವಾಗಲಿ.

– ಓದುಗ, ಗದಗ